ಮೂತಿಯಲ್ಲಿ ಷೆವರ್ಲೆ, ಮೈಯೆಲ್ಲ ಸುಬಾರು

ನಾನು ದನದ ಡಾಕ್ಟ್ರು. ಸಕಲೇಶಪುರದ ಸುತ್ತಮುತ್ತಲ ಎಸ್ಟೇಟು, ಹಳ್ಳಿಗಳನ್ನು ಸುತ್ತುವುದೇ ಕೆಲಸ. ಕುಂಟುವ ಹಸುವನ್ನು ನಾಲ್ಕು ಹೆಜ್ಜೆ ನಡೆಸಿದರೆ ನೋವು ಗೊರಸಿನದೋ ಮಂಡಿಯದೋ ಅಂತ ಹೆಚ್ಚುಕಮ್ಮಿ ಹೇಳಬಲ್ಲೆ. ನನ್ನ ಕಾರಿನ ವಿಷಯದಲ್ಲಿ ಮಾತ್ರ ಈ ವಿದ್ಯೆ ಕೈಕೊಟ್ಟಿತು.

ಕಾರು ಷೆವರ್ಲೆ ಫಾರೆಸ್ಟರ್. 2005ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಈ ಹೆಸರು ನೀವು ಕೇಳಿಲ್ಲದಿದ್ದರೆ ತಪ್ಪೇನಿಲ್ಲ, ನಮ್ಮ ಕಡೆ ಇನ್ನೊಂದು ಇಂಥ ಗಾಡಿಯನ್ನು ನಾನೂ ನೋಡಿಲ್ಲ. ಷೆವರ್ಲೆಯ ಒಡೆಯರಾದ ಜನರಲ್ ಮೋಟರ್ಸ್‌ಗೆ ಆಗ ಜಪಾನಿನ ಫ್ಯೂಜಿ ಹೆವಿ ಇಂಡಸ್ಟ್ರೀಸ್‌ನಲ್ಲಿ ಶೇ. 20ರಷ್ಟು ಪಾಲಿತ್ತು. ಆ ಕಂಪನಿಯ ಸುಬಾರು ಫಾರೆಸ್ಟರನ್ನು ಅಲ್ಲಿಂದಲೇ ಪೂರ್ತಿ ತಯಾರಾದ ಗಾಡಿಯಾಗಿ ತರಿಸಿ, ಮೂತಿಗೆ ಷೆವರ್ಲೆ ಲಾಂಛನ ಹಾಕಿ ಇಲ್ಲಿ ಮಾರಿದರು. 2005ರಲ್ಲಿ ಆ ಪಾಲನ್ನು ಮಾರಿಬಿಟ್ಟರು. 2017ರ ಕೊನೆಗೆ ಷೆವರ್ಲೆಯೇ ಇಂಡಿಯಾದಲ್ಲಿ ಮಾರಾಟ ನಿಲ್ಲಿಸಿತು. ಸುಬಾರು ಅಂತೂ ತನ್ನ ಹೆಸರಲ್ಲಿ ಇಲ್ಲಿಗೆ ಬರಲೇ ಇಲ್ಲ. ಒಟ್ಟಿನಲ್ಲಿ ನನ್ನ ಗಾಡಿಗೆ ತವರೂ ಇಲ್ಲ, ಗಂಡನ ಮನೆಯೂ ಇಲ್ಲ.

ಆದರೂ ಒಳ್ಳೆ ಗಾಡಿ. ಮಳೆಗಾಲದ ಎಸ್ಟೇಟ್ ರಸ್ತೆಯಲ್ಲಿ ನಾಲ್ಕೂ ಚಕ್ರ ಎಳೆಯುತ್ತದೆ. ಸಿಲಿಂಡರ್‌ಗಳು ಎದುರುಬದುರು ಮಲಗಿರುವ ಅದರ ಬಾಕ್ಸರ್ ಎಂಜಿನ್ನಿನ ಗುಟುರು ಕೇಳಿದರೆ ಈಗಲೂ ಖುಷಿ.

ಮೂರು ವರ್ಷದ ಹಿಂದೆ ಹಿಂಭಾಗ ಕುಸಿಯತೊಡಗಿತು. ಮೊದಲು ಬೆಳಿಗ್ಗೆ ಹೊತ್ತು ಮಾತ್ರ ಕೂತಿರುತ್ತಿತ್ತು, ಎರಡು ಕಿಲೋಮೀಟರ್ ಓಡಿದರೆ ತಾನೇ ಮೇಲೇಳುತ್ತಿತ್ತು. ಆಮೇಲೆ ಏಳುವುದನ್ನೇ ಬಿಟ್ಟಿತು. ಹಂಪ್ ಹಾರಿಸಿದರೆ ಹಿಂದಿನಿಂದ ದಡ್ ಅಂತ ಸದ್ದು. ಕರು ಹಾಕಿದ ಹಸು ಮೇಲೇಳಲಾರದೆ ಬಿದ್ದಿತ್ತು ಅಂತ ಒಂದು ಮನೆಗೆ ಹೋಗಿದ್ದೆ. ಹಸುವಿಗೆ ಕ್ಯಾಲ್ಸಿಯಂ ಬಾಟ್ಲಿ ಹಾಕಿ ಎಬ್ಬಿಸಿ ಹೊರಗೆ ಬಂದರೆ, ಮನೆಯ ಯಜಮಾನರು ನನ್ನ ಕಾರನ್ನೇ ನೋಡುತ್ತಾ ನಿಂತಿದ್ದರು. 'ಡಾಕ್ಟ್ರೇ, ಇದಕ್ಕೂ ಒಂದು ಬಾಟ್ಲಿ ಹಾಕ್ಬಿಡಿ' ಅಂದರು.

ಹಾಸನದ ಮೆಕ್ಯಾನಿಕ್ ನೋಡಿದ ಕೂಡಲೇ ಸ್ಪ್ರಿಂಗ್ ಸತ್ತಿದೆ ಅಂದ. ಸುರುಳಿಯ ಮಧ್ಯೆ ರಬ್ಬರ್ ಬಫರ್ ತುರುಕಿ ಕಳಿಸಿದ. ಎತ್ತರ ಸ್ವಲ್ಪ ಬಂತು. ಜೊತೆಗೆ ಎತ್ತಿನ ಗಾಡಿಯ ಸುಖವೂ ಬಂತು. ವಾರದಲ್ಲಿ ತೆಗೆಸಿದೆ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿ ಸಿಗದ ಗಾಡಿ ಸಾಮಾನಿಲ್ಲ ಅನ್ನುತ್ತಾರಲ್ಲ.

'ಯಾವ ಗಾಡಿ?'

'ಷೆವರ್ಲೆ ಫಾರೆಸ್ಟರ್.'

'ಟೊಯೋಟಾ ಫಾರ್ಚೂನರ್ ಅಲ್ವಾ ಸಾರ್?'

ಇನ್ನೊಂದು ಅಂಗಡಿಯಲ್ಲಿ ಷೆವರ್ಲೆ ಅಂದ ಕೂಡಲೇ ಹುಡುಗ ಒಳಗೆ ಓಡಿ ಆಪ್ಟ್ರಾದ ಶಾಕ್ ತಂದಿಟ್ಟ. ಎರಡೂ ಷೆವರ್ಲೆ, ಕೂರುತ್ತೆ ಸಾರ್ ಅಂದ. ಕೂರುವುದಿಲ್ಲ. ನಾಲ್ಕನೇ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡ ವಯಸ್ಸಾದವರೊಬ್ಬರು ನನ್ನ ಫೋನಿನಲ್ಲಿದ್ದ ಫೋಟೋ ನೋಡಿ, 'ಮೊದಲು ಷೆವರ್ಲೆ ಅನ್ನೋದು ಬಿಡಿ, ಸುಬಾರು ಅನ್ನಿ. ಬಾನೆಟ್ ಕೆಳಗಿನ ಪ್ಲೇಟ್ ನೋಡಿ' ಅಂದರು. ಸಾಮಾನು ಅವರ ಹತ್ತಿರವೂ ಇರಲಿಲ್ಲ. ಕೊಟ್ಟಿದ್ದು ಇಷ್ಟೇ ಮಾತು, ಆದರೆ ಆವತ್ತು ಕೈಗೆ ಸಿಕ್ಕಿದ್ದು ಅದೊಂದೇ.

ಪ್ಲೇಟಿನಲ್ಲಿ ಎಸ್‌ಜಿ5 ಅಂತಿತ್ತು. ಎಸ್‌ಜಿ ಅಂದರೆ ಎರಡನೇ ತಲೆಮಾರಿನ ಫಾರೆಸ್ಟರ್, 5 ಅಂದರೆ ಎರಡು ಲೀಟರ್ ಎಂಜಿನ್. ಅಲ್ಲಿಂದ ಬಾಗಿಲು ತೆರೆಯಿತು. ಸುಬಾರು ಪಾರ್ಟ್ ನಂಬರಿಗೆ ಹತ್ತು ಅಕ್ಷರ. ಮೊದಲ ಐದು ಅಂಕಿ ಅದು ಏನು ಅಂತ ಹೇಳುತ್ತವೆ. 20310 ಅಂದರೆ ಮುಂದಿನ ಸ್ಟ್ರಟ್ (ಸ್ಪ್ರಿಂಗಿನೊಳಗೆ ಕೂರುವ ಶಾಕ್), 20365 ಅಂದರೆ ಹಿಂದಿನದು. ನಂತರದ ಎರಡಕ್ಷರ ಯಾವ ಗಾಡಿಯದು ಅಂತ. ನನ್ನ ಗಾಡಿಗೆ ಎಸ್‌ಎ, ಸುಬಾರುವಿನದೇ ಇನ್ನೊಂದು ಕಾರು, ಅದೇ ಕಾಲದ ಇಂಪ್ರೆಜಾಗೆ ಎಫ್‌ಇ. ಹಸುವಿನ ಕಿವಿ ಓಲೆ ಇದ್ದ ಹಾಗೆ. ಓದಲು ಬಂದರೆ ಅಂಗಡಿಯವನ ಮಾತು ಬೇಕಿಲ್ಲ.

ಮೆಲ್ಬರ್ನ್‌ನಲ್ಲಿ ಅಕ್ಕನ ಮಗ ಇದ್ದಾನೆ. ಅಲ್ಲಿ ಫಾರೆಸ್ಟರ್ ಅಂದರೆ ನಮ್ಮಲ್ಲಿ ಬೊಲೆರೋ ಇದ್ದ ಹಾಗೆ, ಬೀದಿಗೊಂದು. ಸ್ಟೀರಿಂಗೂ ನಮ್ಮ ಹಾಗೆ ಬಲಗಡೆ. ಊರಿಗೆ ಬರುವಾಗ ಕೆವೈಬಿ ಕಂಪನಿಯ ಒಂದು ಜೊತೆ ಹಿಂದಿನ ಸ್ಟ್ರಟ್ ತಂದ. ಬಟ್ಟೆಯ ಮಧ್ಯೆ ಸುತ್ತಿಕೊಂಡು, ಅಮ್ಮನಿಗೆ ಅಂತ ತೆಗೆದಿಟ್ಟಿದ್ದ ಮಿಕ್ಸರನ್ನು ಅಲ್ಲೇ ಬಿಟ್ಟು. ಅಕ್ಕ ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಹಾಕಿಸಿದೆ. ಗಾಡಿ ಜಾಕಿನಿಂದ ಇಳಿಯಿತು. ಇಳಿಯಿತು, ಇನ್ನೂ ಇಳಿಯಿತು. ಮೊದಲಿಗಿಂತ ಕೆಳಗೆ ಹೋಗಿ ಕೂತಿತು.

ನನ್ನ ದಡ್ಡತನ ಗೊತ್ತಾಗಿದ್ದು ಆಗ. ಎಸ್‌ಜಿ ಫಾರೆಸ್ಟರ್‌ಗಳಲ್ಲಿ ಹಲವಕ್ಕೆ ಹಿಂದುಗಡೆ ಸೆಲ್ಫ್ ಲೆವೆಲಿಂಗ್ ಸ್ಟ್ರಟ್ ಇರುತ್ತದೆ. ಅದರೊಳಗೆ ಪುಟ್ಟದೊಂದು ಪಂಪು. ಕರೆಂಟ್ ಬೇಡ, ಪೈಪ್ ಬೇಡ. ಓಡುವಾಗ ಚಕ್ರ ಮೇಲೆ ಕೆಳಗೆ ಆಡುತ್ತದಲ್ಲ, ಆ ಆಟದಿಂದಲೇ ಒಳಗೆ ಎಣ್ಣೆ ಒತ್ತಿ ಗಾಡಿಯ ಹಿಂಭಾಗವನ್ನು ಎತ್ತುತ್ತದೆ. ಬೆಳಿಗ್ಗೆ ಕೂತಿದ್ದ ಗಾಡಿ ಎರಡು ಕಿಲೋಮೀಟರ್‌ಗೆ ಏಳುತ್ತಿದ್ದದ್ದು ಇದಕ್ಕೇ. ಭಾರದ ಒಂದು ಪಾಲನ್ನು ಸ್ಟ್ರಟ್ಟೇ ಹೊರುವುದರಿಂದ ಅದರ ಜೊತೆಗೆ ಬರುವ ಸ್ಪ್ರಿಂಗ್ ಮೆದು. ನಾನು ಹಾಕಿಸಿದ್ದು ಮಾಮೂಲಿ ಸ್ಟ್ರಟ್. ಅದು ಕುಲುಕಾಟ ತಡೆಯುತ್ತದೆ ಅಷ್ಟೇ, ಭಾರ ಹೊರುವುದಿಲ್ಲ. ಮೆದು ಸ್ಪ್ರಿಂಗ್ ಒಂದೇ ಏನು ಮಾಡೀತು? ತೆಗೆದ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರೆ ಕುರುಡನಿಗೂ ಗೊತ್ತಾಗುತ್ತದೆ: ಹಳೆಯದರ ಹೊಟ್ಟೆ ದಪ್ಪ. ಬಿಚ್ಚುವ ಮುಂಚೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಹೊಸ ಸೆಲ್ಫ್ ಲೆವೆಲಿಂಗ್ ಸ್ಟ್ರಟ್ಟಿನ ಬೆಲೆ ವಿಚಾರಿಸಿ ಸುಮ್ಮನಾದೆ. ಉಳಿದ ದಾರಿ, ಮಾಮೂಲಿ ಸ್ಟ್ರಟ್ಟಿಗೆ ತಕ್ಕ ಗಟ್ಟಿ ಸ್ಪ್ರಿಂಗ್. ಆಸ್ಟ್ರೇಲಿಯಾದ ಕಿಂಗ್ ಸ್ಪ್ರಿಂಗ್ಸ್‌ನವರು ಮಾಡುತ್ತಾರೆ. ಅದು ಅಕ್ಕನ ಮಗನ ಗೆಳೆಯನ ಸೂಟ್‌ಕೇಸಿನಲ್ಲಿ ಬರಲು ಐದು ತಿಂಗಳಾಯಿತು. ಅಷ್ಟು ದಿನ ಮೂತಿ ಆಕಾಶಕ್ಕೆ ಎತ್ತಿಕೊಂಡ ಗಾಡಿಯಲ್ಲೇ ಹಳ್ಳಿ ಸುತ್ತಿದೆ. ರಾತ್ರಿ ಎದುರಿನವರೆಲ್ಲ ಹೈ ಬೀಮ್ ಅಂದುಕೊಂಡು ಬೈಯ್ದರು.

ಸ್ಪ್ರಿಂಗ್ ಹಾಕುವ ದಿನ ನಾನು ಕೈ ತೊಳೆದುಕೊಂಡು ಪಕ್ಕದಲ್ಲೇ ನಿಂತೆ. ಹಿಂದಿನ ಸ್ಟ್ರಟ್ಟಿನ ತಲೆಯ ನಟ್ಟು ಡಿಕ್ಕಿಯ ಒಳಗಡೆ, ಪ್ಲಾಸ್ಟಿಕ್ ಪ್ಯಾನೆಲ್‌ನ ಹಿಂದಿರುತ್ತದೆ. ಪ್ಯಾನೆಲ್ ಬಿಚ್ಚಿದರೆ ಹುಲ್ಲಿನ ಎಳೆ, ಸೂಜಿಯ ಮುಚ್ಚಳಗಳು, ಎಂದೋ ಕಳೆದುಹೋಗಿದ್ದ ಥರ್ಮಾಮೀಟರ್. ಕೆಳಗೆ ಚಕ್ರದ ಹಬ್‌ಗೆ ಎರಡು ಬೋಲ್ಟು. ಹೋದ ಸಲ ಹಟ ಹಿಡಿದಿದ್ದವು, ಮಲೆನಾಡಿನ ಮಳೆ ತಿಂದ ಬೋಲ್ಟು ಅವು. ಈ ಸಲ ಹಿಂದಿನ ರಾತ್ರಿಯೇ ಎಣ್ಣೆ ಹೊಡೆದು ಬಿಟ್ಟಿದ್ದೆವು. ಸ್ಪ್ರಿಂಗನ್ನು ಎರಡು ಕೊಕ್ಕೆಯ ಕಂಪ್ರೆಸರ್‌ನಲ್ಲಿ ಬಿಗಿಯುವಾಗ ಮೆಕ್ಯಾನಿಕ್ ನನ್ನನ್ನು ಆಚೆ ಕಳಿಸಿದ. ಜಾರಿದರೆ ತಲೆಗೇ ಬರುತ್ತದೆ. ನಾನು ಎಮ್ಮೆಗೆ ಚುಚ್ಚುವಾಗ ಮಾಲೀಕರನ್ನು ಹಾಗೇ ಆಚೆ ಕಳಿಸುತ್ತೇನೆ.

ಆಮೇಲೆ ಅಲೈನ್‌ಮೆಂಟ್. ಕಂಪ್ಯೂಟರಿನ ಹುಡುಗ ಷೆವರ್ಲೆ ಪಟ್ಟಿಯನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿ, ಇಲ್ಲ ಸಾರ್ ಅಂದ.

'ಸುಬಾರು ಅಂತ ಹಾಕಪ್ಪ' ಅಂದೆ.

ಹೋದ ವಾರ ಆ ಯಜಮಾನರ ಮನೆಗೆ ಮತ್ತೆ ಹೋಗಿದ್ದೆ, ಹಸುವಿನ ಗರ್ಭ ಪರೀಕ್ಷೆಗೆ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ಬಂಪರ್ ಮೇಲೆ ಕೈಯಿಟ್ಟು ಒತ್ತಿ ನೋಡಿ ಕೇಳಿದರು:

'ಎಷ್ಟು ಬಾಟ್ಲಿ ಹಿಡೀತು ಡಾಕ್ಟ್ರೇ?'