ಭಾನುವಾರ ಬೆಳಿಗ್ಗೆ ಮಾತ್ರ ಬೀಳುತ್ತಿದ್ದ ಸರ್ವರ್

ನಮ್ಮದು ಶಿವಮೊಗ್ಗದ ಒಂದು ಚಿಕ್ಕ ಕಚೇರಿ. ಊರಿನ ಪ್ರಕಾಶಕರು, ಸಂಘಗಳು ಮತ್ತು ಅಂಗಡಿಗಳ ಜಾಲತಾಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವುಗಳಲ್ಲಿ ಒಂದು, ವಾರಕ್ಕೊಮ್ಮೆ ಕಥೆ ಮತ್ತು ಲೇಖನಗಳನ್ನು ಪ್ರಕಟಿಸುವ ಕನ್ನಡದ ಬ್ಲಾಗ್. 1 ಜಿಬಿ ಮೆಮೊರಿಯ ಬಾಡಿಗೆ ಲಿನಕ್ಸ್ ಸರ್ವರ್ ಒಂದರಲ್ಲಿ ಬ್ಲಾಗ್ ನಡೆಸುವ ವರ್ಡ್‌ಪ್ರೆಸ್, ಪುಟಗಳನ್ನು ಓದುಗರಿಗೆ ಕಳಿಸುವ ಎಂಜಿನ್‌ಎಕ್ಸ್, ಆ ಪುಟಗಳನ್ನು ಸಿದ್ಧಪಡಿಸುವ ಪಿಎಚ್‌ಪಿ ಮತ್ತು ಬರಹಗಳನ್ನು ಇಟ್ಟುಕೊಳ್ಳುವ ಡೇಟಾಬೇಸ್ ಮೈಎಸ್‌ಕ್ಯುಎಲ್ ಹಾಕಿ ಅದನ್ನು ನಾವೇ ನಡೆಸುತ್ತಿದ್ದೆವು. ಸುಮಾರು ಎರಡು ತಿಂಗಳ ಕಾಲ ಆ ತಾಣ ಭಾನುವಾರ ಬೆಳಿಗ್ಗೆ ಬೀಳುತ್ತಿತ್ತು. ಪುಟ ತೆರೆದವರಿಗೆ ಕಥೆಯ ಬದಲು, ಡೇಟಾಬೇಸ್ ಜೊತೆ ಸಂಪರ್ಕ ಸಾಧ್ಯವಾಗುತ್ತಿಲ್ಲ ಎಂಬ ಒಂದೇ ಸಾಲು ಕಾಣಿಸುತ್ತಿತ್ತು. ಸಂಪಾದಕರ ಫೋನ್ ಬಂದ ಕೂಡಲೇ ನಾನು ಲಾಗಿನ್ ಆಗಿ ಸರ್ವರನ್ನು ರೀಬೂಟ್ ಮಾಡುತ್ತಿದ್ದೆ. ಎರಡು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಗುತ್ತಿತ್ತು. ಅದನ್ನು ನಾನು ದುರಸ್ತಿ ಎಂದು ತಿಳಿದಿದ್ದೆ.

ಸಂಪಾದಕರು ನಿವೃತ್ತ ಕನ್ನಡ ಅಧ್ಯಾಪಕರು. ಆರನೆಯ ಭಾನುವಾರ ಅವರು, "ಏನಮ್ಮಾ, ವಾರವಿಡೀ ಸುಮ್ಮನಿರುವ ಇದು ಭಾನುವಾರ ಐದೂವರೆಗೇ ಯಾಕೆ ಕೈಕೊಡುತ್ತದೆ?" ಎಂದು ಕೇಳಿದರು. "ಓದುಗರು ಹೆಚ್ಚಾಗಿದ್ದಾರೆ ಸರ್, ಲೋಡ್ ಜಾಸ್ತಿ" ಎಂದು ನಾನು ಉತ್ತರಿಸಿದೆ. ಆ ಉತ್ತರ ಸುಳ್ಳಾಗಿರಲಿಲ್ಲ. ಆದರೆ ಅವರ ಪ್ರಶ್ನೆಯಲ್ಲಿ ವಾರವೂ ಇತ್ತು, ಗಂಟೆಯೂ ಇತ್ತು. ನನ್ನ ಉತ್ತರದಲ್ಲಿ ಎರಡೂ ಇರಲಿಲ್ಲ. ದೂರು ಹೇಳುವವರ ಮಾತನ್ನು ಅವರು ಹೇಳಿದಂತೆಯೇ ಬರೆದಿಟ್ಟುಕೊಳ್ಳುವ ಅಭ್ಯಾಸ ನನಗೆ ಬಂದದ್ದು ಆ ದಿನದಿಂದ.

ಯಂತ್ರ ತನ್ನ ಆಗುಹೋಗುಗಳನ್ನು ಬರೆದಿಡುವ ಲಾಗ್ ನೋಡಿರಲಿಲ್ಲವೇ ಎಂದರೆ, ನೋಡಿದ್ದೆ, ಆದರೆ ತಪ್ಪು ಕಡೆ ನೋಡಿದ್ದೆ. ರೀಬೂಟ್ ಆದ ಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ಡಿಮೆಸೇಜ್ ಎಂಬ ಆಜ್ಞೆಯಿಂದ ತೆರೆಯುತ್ತಿದ್ದೆ. ಅದು ಯಂತ್ರ ಮತ್ತೆ ಶುರುವಾದ ನಂತರದ ಸಂದೇಶಗಳನ್ನಷ್ಟೇ ತೋರಿಸುತ್ತದೆ. ಅಂದರೆ ಸಾಕ್ಷ್ಯವನ್ನು ಅಳಿಸಿಹಾಕಿ, ನಂತರ ಸಾಕ್ಷ್ಯವೇ ಇಲ್ಲವೆಂದು ತೀರ್ಮಾನಿಸುತ್ತಿದ್ದೆ. ಡಿಸ್ಕಿನಲ್ಲಿ ಉಳಿದಿದ್ದ ಹಳೆಯ ಕರ್ನಲ್ ಲಾಗ್ ಕಡತವನ್ನು ನೋಡಲು ಸಹೋದ್ಯೋಗಿಯೊಬ್ಬರು ಹೇಳಿದಾಗಲೂ ನಾನು ಹುಡುಕಿದ್ದು ಐದೂವರೆಯ ಸುತ್ತಲಿನ ಸಾಲುಗಳನ್ನು, ಮತ್ತು ಅಲ್ಲಿ ಏನೂ ಸಿಗಲಿಲ್ಲ. ಸರ್ವರಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ನಮ್ಮ ಬೆಳಗಿನ ಐದೂವರೆ ಅದಕ್ಕೆ ನಡುರಾತ್ರಿ. ಆ ಕಡತದ ಸಾಲುಗಳಲ್ಲಿ ತಾರೀಖು ಮತ್ತು ವೇಳೆ ಮಾತ್ರ ಇದ್ದವು, ಯಾವ ವಲಯದ ವೇಳೆ ಎಂಬುದು ಇರಲಿಲ್ಲ. 00:04ಕ್ಕೆ ಹೋಗಿ ನೋಡಿದರೆ ಪ್ರತಿ ಭಾನುವಾರವೂ ಒಂದೇ ಬರಹ: ಮೆಮೊರಿ ಮುಗಿದಿದೆ, ಮೈಎಸ್‌ಕ್ಯುಎಲ್ ಪ್ರಕ್ರಿಯೆಯನ್ನು ಕೊಲ್ಲಲಾಗಿದೆ.

ಮೆಮೊರಿ ಪೂರ್ತಿ ಖಾಲಿಯಾದಾಗ ಲಿನಕ್ಸ್ ಕರ್ನಲ್ ಯಾವುದಾದರೊಂದು ಪ್ರಕ್ರಿಯೆಯನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು, ಬಲಿಕೊಟ್ಟು ಉಳಿದದ್ದನ್ನು ಬದುಕಿಸುತ್ತದೆ, ಮತ್ತು ಸಾಮಾನ್ಯವಾಗಿ ಹೆಚ್ಚು ಮೆಮೊರಿ ಹಿಡಿದಿರುವುದನ್ನೇ ಆರಿಸುತ್ತದೆ. ನಮ್ಮ ಪುಟ್ಟ ಸರ್ವರಿನಲ್ಲಿ ಅದು ಯಾವಾಗಲೂ ಡೇಟಾಬೇಸ್ ಆಗಿರುತ್ತಿತ್ತು. ಹಾಗಾಗಿ ಸತ್ತದ್ದು ಡೇಟಾಬೇಸ್ ಆದರೂ ತಪ್ಪು ಅದರದ್ದಲ್ಲ.

ತಪ್ಪು ನಾನೇ ಕಟ್ಟಿದ ಒಂದು ಸರಪಳಿಯಲ್ಲಿತ್ತು. ದಿನವೂ ನಡುರಾತ್ರಿ ಬ್ಯಾಕಪ್ ಆಗಲಿ ಎಂದು, ನಿಗದಿತ ವೇಳೆಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಶೂನ್ಯ ಗಂಟೆ ಬರೆದಿದ್ದೆ, ಅದು ನಮ್ಮ ಬೆಳಗಿನ ಐದೂವರೆಗೆ ಓಡುತ್ತಿತ್ತು. ಬ್ಯಾಕಪ್ಪಿಗೆ ಬಳಸುತ್ತಿದ್ದ ಮೈಎಸ್‌ಕ್ಯುಎಲ್‌ಡಂಪ್, ಬೇರೆ ಸೂಚನೆ ಕೊಡದಿದ್ದರೆ, ತಾನು ಓದುವಷ್ಟು ಹೊತ್ತು ಕೋಷ್ಟಕಗಳಿಗೆ ಬೀಗ ಹಾಕುತ್ತದೆ. ಆಗ ಇತರರು ಓದಬಹುದು, ಬರೆಯಬೇಕಾದವರು ಕಾಯಬೇಕು. ಓದುಗರು ಬರೀ ಓದುತ್ತಾರಲ್ಲ, ತೊಂದರೆಯೇನು ಎಂದು ಅನ್ನಿಸಬಹುದು. ಆದರೆ ಪ್ರತಿ ಕಥೆಯ ಕೆಳಗೆ ಎಷ್ಟು ಮಂದಿ ಓದಿದರು ಎಂದು ತೋರಿಸುವ ಒಂದು ಪ್ಲಗಿನ್ ಇತ್ತು, ಅದು ಪುಟ ತೆರೆದಾಗಲೆಲ್ಲ ಡೇಟಾಬೇಸ್‌ಗೆ ಒಂದು ಸಂಖ್ಯೆ ಬರೆಯುತ್ತಿತ್ತು. ಹೊಸ ಕಥೆ ಬರುತ್ತಿದ್ದುದು ಭಾನುವಾರ ಬೆಳಿಗ್ಗೆ ಐದಕ್ಕೆ, ವಾಟ್ಸ್ಆ್ಯಪ್ ಗುಂಪುಗಳಿಗೆ ಅದರ ಕೊಂಡಿ ಹೋಗುತ್ತಿದ್ದುದು ಐದೂವರೆಯ ಹೊತ್ತಿಗೆ. ಬಂದ ಓದುಗರೆಲ್ಲರ ಪಿಎಚ್‌ಪಿ ಪ್ರಕ್ರಿಯೆಗಳು ಆ ಬೀಗದ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು, ಕಾಯುವವರು ಇರುವಂತೆಯೇ ಹೊಸಬರು ಬರುತ್ತಿದ್ದರು. ಉಳಿದ ಆರು ದಿನ ಆ ಹೊತ್ತಿನಲ್ಲಿ ಓದುಗರೇ ಇಲ್ಲದ್ದರಿಂದ ಅದೇ ಬೀಗ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು.

ಸಾಲು ಎಷ್ಟು ಉದ್ದ ಬೆಳೆಯಬಹುದು ಎಂಬುದನ್ನು ನಿರ್ಧರಿಸುವುದು, ಪಿಎಚ್‌ಪಿ ಪ್ರಕ್ರಿಯೆಗಳನ್ನು ನಡೆಸುವ ಪಿಎಚ್‌ಪಿ-ಎಫ್‌ಪಿಎಂನ ಗರಿಷ್ಠ ಪ್ರಕ್ರಿಯೆಗಳ ಸಂಖ್ಯೆ. ಯಾವುದೋ ದೊಡ್ಡ ಸರ್ವರಿನ ಸಂರಚನೆಯಿಂದ ನಕಲು ಮಾಡಿದ್ದ ನಾನು ಅದನ್ನು 20 ಎಂದು ಇಟ್ಟಿದ್ದೆ. ನಮ್ಮಲ್ಲಿ ಒಂದೊಂದು ಪ್ರಕ್ರಿಯೆಯೂ ಸುಮಾರು 70 ಎಂಬಿ ತಿನ್ನುತ್ತಿತ್ತು. 20 ಪ್ರಕ್ರಿಯೆ ಎಂದರೆ 1,400 ಎಂಬಿ, ಇದ್ದದ್ದು 1,024. ಡೇಟಾಬೇಸ್‌ಗೆ 350, ವ್ಯವಸ್ಥೆ ಮತ್ತು ಎಂಜಿನ್‌ಎಕ್ಸ್‌ಗೆ 200 ಬಿಟ್ಟರೆ ಉಳಿಯುವುದು ಆರು ಪ್ರಕ್ರಿಯೆಗಳ ಜಾಗ. ಈ ಲೆಕ್ಕಕ್ಕೆ ಒಂದು ಚೀಟಿಯ ಹಿಂಬದಿ ಸಾಕಿತ್ತು, ಸರ್ವರ್ ಕೊಂಡ ದಿನವೇ ಮಾಡಬೇಕಾಗಿತ್ತು.

ಕಾರಣ ತಿಳಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವ ಆಸೆಯಾಯಿತು. ಹಾಗೆ ಮಾಡಿದ್ದರೆ ಯಾವುದರಿಂದ ಸರಿಹೋಯಿತು ಎಂಬುದು ನನಗೆ ಎಂದೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಒಂದು ಭಾನುವಾರಕ್ಕೆ ಒಂದೇ ಬದಲಾವಣೆ ಎಂದು ಸಂಪಾದಕರ ಒಪ್ಪಿಗೆ ಪಡೆದೆ. ಮೊದಲು ಪ್ರಕ್ರಿಯೆಗಳ ಮಿತಿಯನ್ನು 5ಕ್ಕೆ ಇಳಿಸಿದೆ. ಡೇಟಾಬೇಸ್ ಸಾಯಲಿಲ್ಲ, ಆದರೆ ಬ್ಯಾಕಪ್ ನಡೆಯುವಷ್ಟು ಹೊತ್ತು ಪುಟಗಳು ತೆರೆಯದೆ ಓದುಗರು ಕಾದರು. ಮರುವಾರ ಡಂಪ್‌ಗೆ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಸೇರಿಸಿದೆ. ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ಬಗೆಯ ಕೋಷ್ಟಕಗಳಲ್ಲಿ ಇದು ಬೀಗವಿಲ್ಲದೆಯೇ ಒಂದು ಕ್ಷಣದ ಸ್ಥಿತಿಯನ್ನು ಹಿಡಿದು ಬರೆದುಕೊಳ್ಳುತ್ತದೆ. ಆ ಬೆಳಿಗ್ಗೆ ಕಾಯುವಿಕೆಯೂ ಇರಲಿಲ್ಲ. ನಂತರ ಬ್ಯಾಕಪ್ಪನ್ನು ರಾತ್ರಿ ಎರಡೂವರೆಗೆ ಸರಿಸಿದ್ದು, ಮೆಮೊರಿ ಸಾಲದಾದಾಗ ಡಿಸ್ಕಿನಲ್ಲಿ ಜಾಗ ಕೊಡುವ 2 ಜಿಬಿ ಸ್ವಾಪ್ ಕಡತ ಇಟ್ಟಿದ್ದು, ಎಣಿಕೆಯ ಪ್ಲಗಿನ್ ತೆಗೆದಿದ್ದು ಎಲ್ಲವೂ ಮುಂಜಾಗ್ರತೆಗಾಗಿ.

ಲಾಗ್ ಓದುವಾಗ ಕನ್ನಡದ ತಾಣಕ್ಕೇ ವಿಶಿಷ್ಟವಾದ ಒಂದು ತೊಡಕೂ ಎದುರಾಯಿತು. ಕನ್ನಡ ಶೀರ್ಷಿಕೆಯೇ ಕೊಂಡಿಯಾದಾಗ ಪ್ರತಿಯೊಂದು ಯುನಿಕೋಡ್ ಸಂಕೇತವೂ ಮೂರು ಬೈಟ್ ಆಗಿ, ಶೇಕಡಾ ಚಿಹ್ನೆಗಳೊಂದಿಗೆ ಒಂಬತ್ತು ಅಕ್ಷರಗಳಾಗುತ್ತದೆ. ವರ್ಡ್‌ಪ್ರೆಸ್ ಕೊಂಡಿಯ ಈ ಭಾಗಕ್ಕೆ ಕೊಡುವುದು 200 ಅಕ್ಷರ, ಅಂದರೆ 22 ಸಂಕೇತ. ಗುಣಿತದ ಚಿಹ್ನೆಗಳು ಮತ್ತು ಒತ್ತಕ್ಷರದೊಳಗಿನ ಹಲಂತ ಚಿಹ್ನೆಯೂ (್) ಬೇರೆಬೇರೆಯಾಗಿ ಎಣಿಕೆಯಾಗುವುದರಿಂದ ಮೂರ್ನಾಲ್ಕು ಪದಗಳಲ್ಲೇ ಕೊಂಡಿ ಕತ್ತರಿಸಿಹೋಗುತ್ತದೆ. ಧಾರಾವಾಹಿಯ ಕಂತುಗಳೆಲ್ಲ ಲಾಗ್‌ನಲ್ಲಿ ಒಂದೇ ಬಗೆಯಾಗಿ, ಕೊನೆಯ ಅಂಕಿಯೊಂದರಿಂದ ಮಾತ್ರ ಬೇರೆಯಾಗಿ ಕಾಣಿಸುತ್ತಿದ್ದುದು ಇದರಿಂದಲೇ.

ವರ್ಷದ ಕೊನೆಯಲ್ಲಿ 2 ಜಿಬಿಯ ಹೊಸ ಸರ್ವರಿಗೆ ಹೋದೆವು, ಮತ್ತು ನಾನು ಮತ್ತೊಮ್ಮೆ ನೋಡುವ ಮೊದಲು ಮುಟ್ಟಿದೆ. ಈ ತಾಣ ಆರಂಭವಾದದ್ದು 2007ರ ವರ್ಡ್‌ಪ್ರೆಸ್ 2.2ಕ್ಕಿಂತ ಹಿಂದೆ. ಅದರ ಸಂರಚನೆಯ ಕಡತದಲ್ಲಿ ಅಕ್ಷರಸಂಕೇತ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಯಾವುದೆಂಬ ಉಲ್ಲೇಖವೇ ಇರಲಿಲ್ಲ, ಕೋಷ್ಟಕಗಳು ಪಶ್ಚಿಮ ಯುರೋಪಿನ ಭಾಷೆಗಳ ಲ್ಯಾಟಿನ್1 ಎಂಬ ಹೆಸರು ಹೊತ್ತು, ಒಳಗೆ ಎಲ್ಲ ಲಿಪಿಗಳಿಗೂ ಆಗುವ ಯುಟಿಎಫ್-8ರಲ್ಲಿ ಬರೆದ ಕನ್ನಡವನ್ನು ಇಟ್ಟುಕೊಂಡಿದ್ದವು. ಹಳೆಯ ಮೈಎಸ್‌ಕ್ಯುಎಲ್ ಕೂಡ ಲ್ಯಾಟಿನ್1 ಎಂದೇ ಮಾತಾಡುತ್ತಿದ್ದರಿಂದ ಆ ತಪ್ಪು ಇಷ್ಟು ವರ್ಷ ಸರಿಯಾಗಿಯೇ ನಡೆದಿತ್ತು. ಹೊಸ ಸರ್ವರಿನಲ್ಲಿದ್ದ ಅದರ 8.0 ಆವೃತ್ತಿ, ಹೇಳದೇ ಇದ್ದರೆ ಯುಟಿಎಫ್8ಎಂಬಿ4 (ಮೈಎಸ್‌ಕ್ಯುಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಎಂದು ತಿಳಿಯುತ್ತದೆ. ಹಳೆಯ ಕಥೆಗಳೆಲ್ಲ, ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ವಿಚಿತ್ರ ಲ್ಯಾಟಿನ್ ಚಿಹ್ನೆಗಳಾಗಿ ಕಾಣಿಸಿದವು. ಅಷ್ಟರಲ್ಲಿ ಕಚೇರಿಯ ಹುಡುಗ ಆ ವಾರದ ಕಥೆಯನ್ನು ನೇರವಾಗಿ ಹೊಸ ತಾಣದಲ್ಲೇ ಟೈಪ್ ಮಾಡಿ ಪ್ರಕಟಿಸಿದ್ದ. ಅದು ಪೂರ್ತಿ ಪ್ರಶ್ನಾರ್ಥಕ ಚಿಹ್ನೆಗಳಾಗಿತ್ತು.

ಮೇಲ್ನೋಟಕ್ಕೆ ಇವೆರಡೂ ಒಂದೇ ರೋಗದಂತೆ ಕಾಣುತ್ತವೆ, ಆದರೆ ವ್ಯತ್ಯಾಸ ಬಹಳ ದೊಡ್ಡದು. ವಿಚಿತ್ರ ಚಿಹ್ನೆಗಳಲ್ಲಿ ಮೂಲ ಬೈಟುಗಳು ಹಾಗೆಯೇ ಉಳಿದಿರುತ್ತವೆ, ತಪ್ಪಿರುವುದು ಓದುವ ಕ್ರಮ ಮಾತ್ರ. ಪ್ರಶ್ನಾರ್ಥಕ ಚಿಹ್ನೆ ಎಂದರೆ ಲ್ಯಾಟಿನ್1ರಲ್ಲಿ ಹಿಡಿಸದ ಕನ್ನಡ ಅಕ್ಷರವನ್ನು ಡೇಟಾಬೇಸ್ ಆಗಲೇ ಎಸೆದಿದೆ ಎಂದು. ಹಳೆಯ ಸರ್ವರನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಅದರಿಂದ ಲ್ಯಾಟಿನ್1 ಎಂದೇ ಹೇಳಿ, ಬೈಟುಗಳು ಬದಲಾಗದಂತೆ ಡಂಪ್ ತೆಗೆದು, ಆ ಕಡತದೊಳಗಿನ ಘೋಷಣೆಗಳನ್ನು ಯುಟಿಎಫ್8ಎಂಬಿ4ಕ್ಕೆ ತಿದ್ದಿ, ಹೊಸದರಲ್ಲಿ ತುಂಬಿಸಿ, ವರ್ಡ್‌ಪ್ರೆಸ್‌ನ ಸಂರಚನೆಯಲ್ಲೂ ಅದೇ ಹೆಸರು ಬರೆದೆ. ಈ ಬಾರಿ ಬ್ರೌಸರ್ ತೆರೆಯುವ ಮೊದಲು ಒಂದು ಶೀರ್ಷಿಕೆಯ ಬೈಟುಗಳನ್ನೇ ಹೆಕ್ಸ್ (ಹದಿನಾರರ ಅಂಕಿಗಳ) ರೂಪದಲ್ಲಿ ಕೇಳಿ ನೋಡಿದೆ. 'ಕ' ಅಕ್ಷರಕ್ಕೆ ಇ0 ಬಿ2 95 ಎಂಬ ಮೂರೇ ಬೈಟುಗಳಿದ್ದವು. ಪರಿವರ್ತನೆ ತಪ್ಪಿದ್ದರೆ ಅದೇ ಅಕ್ಷರ ಏಳು ಬೈಟುಗಳಾಗಿರುತ್ತಿತ್ತು. ಐವತ್ತು ಶೀರ್ಷಿಕೆಗಳನ್ನು ಹೀಗೆ ನೋಡಿದ ಮೇಲೆಯೇ ತಾಣವನ್ನು ಓದುಗರಿಗೆ ತೆರೆದೆ.

ಹುಡುಗ ಟೈಪ್ ಮಾಡಿದ್ದ ಕಥೆ ಮಾತ್ರ ಹೋದದ್ದು ಹೋಯಿತು. ಅದೃಷ್ಟಕ್ಕೆ ಲೇಖಕರ ಹಸ್ತಪ್ರತಿ ಸಂಪಾದಕರ ಮನೆಯಲ್ಲಿತ್ತು. ಶನಿವಾರ ಸಂಜೆ ಅವರು ಅದನ್ನು ಹಿಡಿದುಕೊಂಡು ಕಚೇರಿಗೆ ಬಂದು ಪಕ್ಕದಲ್ಲಿ ಕುಳಿತು ಸಾಲುಸಾಲಾಗಿ ಓದಿದರು, ನಾನು ಟೈಪ್ ಮಾಡಿದೆ. ಮುಗಿದಾಗ ರಾತ್ರಿ ಒಂಬತ್ತಾಗಿತ್ತು.