ಕೋಲಾರದ ಕೋಟೆಯಲ್ಲಿ ಸುಳಿವು ಹುಡುಕುವ ಆಟ: ಮನೆಮಂದಿಯೆಲ್ಲ ಹೊರಡುವವರಿಗೆ ಒಂದಿಷ್ಟು ಮಾತು

ಬೆಂಗಳೂರಿಗೂ ಕೋಲಾರಕ್ಕೂ ಎಪ್ಪತ್ತು ಕಿಲೋಮೀಟರ್ ಆಸುಪಾಸು ದೂರ. ಹತ್ತಿರವಿದೆ ಎಂಬ ಕಾರಣಕ್ಕೇ ಇರಬೇಕು, ಬಹಳ ಮಂದಿ ಆ ಊರನ್ನು ಹೆದ್ದಾರಿಯಿಂದಲೇ ನೋಡಿ ತಿರುಪತಿಯ ಕಡೆಗೆ ಸಾಗಿಬಿಡುತ್ತಾರೆ. ಪ್ರತಿ ವರ್ಷ ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ, ಏಪ್ರಿಲ್ 18ಕ್ಕೆ ವಿಶ್ವ ಪರಂಪರೆ ದಿನ. ಆ ದಿನಗಳಲ್ಲಿ ಊರೂರುಗಳಲ್ಲಿ ನಡಿಗೆ, ಉಪನ್ಯಾಸ, ಮಕ್ಕಳ ಸ್ಪರ್ಧೆಗಳು ನಡೆಯುತ್ತವೆ. ಅಂಥದೇ ಒಂದು ನವೆಂಬರ್ ಶನಿವಾರ ಕೋಲಾರದ ಕೆಲವು ಉತ್ಸಾಹಿ ಯುವಕ ಯುವತಿಯರು ಸೇರಿ ಸಂಜೆಯಿಂದ ರಾತ್ರಿಯವರೆಗೆ ಟ್ರೆಷರ್ ಹಂಟ್ ಏರ್ಪಡಿಸಿದ್ದರು. ನಾವು ಐದು ಜನ ಹೋದೆವು: ನಮ್ಮವರು, ನಾನು, ಏಳನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ, ಜೊತೆಗೆ ನಮ್ಮ ಅತ್ತೆ. ಇಂಥ ಆಟಕ್ಕೆ ಹೊರಡುವವರಿಗೆ ನನ್ನ ಮೊದಲ ಸಲಹೆ ಇಷ್ಟೇ: ಅಜ್ಜಿ ತಾತಂದಿರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಕಾರಣ ಮುಂದೆ ತಿಳಿಯುತ್ತದೆ.

ಆಟದ ಕ್ರಮ ಸರಳ. ತಂಡಕ್ಕೊಂದು ಸುಳಿವಿನ ಹಾಳೆ, ಒಂದು ಮುದ್ರೆಯ ಕಾರ್ಡು. ಒಗಟಿನಂಥ ಸಾಲನ್ನು ಬಿಡಿಸಿ ಸರಿಯಾದ ಜಾಗಕ್ಕೆ ಹೋಗಬೇಕು. ಅಲ್ಲಿ ಕಣ್ಣಾರೆ ನೋಡಿದರೆ ಮಾತ್ರ ಸಿಗುವ ಉತ್ತರವನ್ನು ಬರೆದು ಕಾರ್ಯಕರ್ತರಿಗೆ ತೋರಿಸಬೇಕು, ಅವರು ಮುದ್ರೆ ಒತ್ತಿ ಮುಂದಿನ ಸುಳಿವು ಕೊಡುತ್ತಾರೆ. ತಂಡದವರೆಲ್ಲ ಜೊತೆಯಲ್ಲಿ ನಿಂತಿದ್ದರೆ ಮಾತ್ರ ಮುದ್ರೆ ಎಂಬ ನಿಯಮ ನನಗೆ ಬಹಳ ಹಿಡಿಸಿತು. ಹಾಗಿಲ್ಲದಿದ್ದರೆ ಚುರುಕಿನ ಒಬ್ಬನು ಓಡುತ್ತಾನೆ, ಉಳಿದವರು ಕಟ್ಟೆಯ ಮೇಲೆ ಕೂತಿರುತ್ತಾರೆ.

ಹೆಸರು ರಾತ್ರಿಯ ಕಾರ್ಯಕ್ರಮವೆಂದಿದ್ದರೂ ಸೋಮೇಶ್ವರ ದೇವಸ್ಥಾನವನ್ನು ಹಗಲಿನಲ್ಲೇ ಮುಗಿಸಬೇಕು. ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ನವೆಂಬರಿನಲ್ಲಿ ಆರು ಗಂಟೆಗೆ ಮುಂಚೆಯೇ ಹೊತ್ತು ಮುಳುಗುತ್ತದೆ, ಕಂಬಗಳ ಕೆತ್ತನೆ ಕತ್ತಲಲ್ಲಿ ಏನೂ ಕಾಣುವುದಿಲ್ಲ. ಸಂಘಟಕರು ನಾಲ್ಕು ಗಂಟೆಗೇ ಆಟ ಶುರು ಮಾಡಿ ಮೊದಲ ಸುಳಿವುಗಳನ್ನು ಅಲ್ಲಿಗೇ ಇಟ್ಟಿದ್ದು ಜಾಣತನ. ನಿಮ್ಮ ಕಾರ್ಯಕ್ರಮ ಆರು ಗಂಟೆಗೆ ಆರಂಭವೆಂದಿದ್ದರೆ, ಮೂರೂವರೆಗೇ ಊರು ತಲುಪಿ ಸೋಮೇಶ್ವರನನ್ನು ನೀವಾಗಿಯೇ ನೋಡಿಕೊಳ್ಳಿ.

ಹದಿನಾಲ್ಕನೆಯ ಶತಮಾನದ, ವಿಜಯನಗರ ಕಾಲದ ಗುಡಿ ಅದು. ಎತ್ತರದ ಗೋಪುರ, ಅಗಲವಾದ ಪ್ರಾಕಾರ, ಮುಂಗಾಲೆತ್ತಿ ನಿಂತ ಯಾಳಿಗಳ (ಸಿಂಹದಂಥ ಕಲ್ಪನೆಯ ಮೃಗಗಳ) ಕಂಬಗಳು, ಒಂದು ಪಕ್ಕಕ್ಕೆ ಕಲ್ಯಾಣ ಮಂಟಪ. ಮೊದಲ ಸುಳಿವು ಹೀಗಿತ್ತು: "ನನ್ನ ಕಾಲು ಕಲ್ಲು, ನನ್ನ ತಲೆ ಕಲ್ಲಲ್ಲ." ಮಗ ಇಡೀ ಪ್ರಾಕಾರ ಸುತ್ತಿ ಬಂದ. ಮಗಳು ಗೋಪುರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡುತ್ತಲೇ ಇದ್ದಳು. ಕೆಳಗಿನ ಭಾಗ ಕಲ್ಲಿನದು, ಮೇಲಿನದು ಇಟ್ಟಿಗೆ ಗಾರೆಯದು. ವಿಜಯನಗರದ ಗೋಪುರಗಳನ್ನು ಹೀಗೆಯೇ ಕಟ್ಟುತ್ತಿದ್ದರು. ಅಷ್ಟು ಎತ್ತರಕ್ಕೆ ಕಲ್ಲನ್ನೇ ಒಯ್ದರೆ ಭಾರ ತಡೆಯುವುದು ಕಷ್ಟ, ಗಾರೆಯಲ್ಲಾದರೆ ಬೊಂಬೆಗಳನ್ನು ಬೇಕಾದ ಹಾಗೆ ತಿದ್ದಬಹುದು. ಇದನ್ನು ಕಾರ್ಯಕರ್ತೆಯೊಬ್ಬಳು ವಿವರಿಸಿದ ಮೇಲೆ ಮಗಳು ಈಗ ಯಾವ ಗುಡಿಗೆ ಹೋದರೂ ಕಲ್ಲು ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಹುಡುಕುತ್ತಾಳೆ.

ಕಲ್ಯಾಣ ಮಂಟಪಕ್ಕೆ ಸಮಯ ಕೊಡಿ. ಕಂಬಗಳ ಮೇಲೆ ಸೂಜಿ ಹಾಕಲು ಜಾಗವಿಲ್ಲದಷ್ಟು ಕೆತ್ತನೆ. ಮಕ್ಕಳಿಗೆ "ನೋಡು, ಎಷ್ಟು ಚೆನ್ನಾಗಿದೆ" ಎಂದರೆ ಅವರು ಎರಡು ಗಳಿಗೆಯೂ ನಿಲ್ಲುವುದಿಲ್ಲ. ಅದೇ ಕಂಬದಲ್ಲಿ ಇಂಥದ್ದೊಂದು ಬಳ್ಳಿ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ ಎಂದು ಕೇಳಿ, ಮಂಡಿಯೂರಿ ಕೂತು ನೋಡುತ್ತಾರೆ. ಈ ಆಟದ ನಿಜವಾದ ಗುಣ ಅದು. ದೊಡ್ಡವರು ಹೇಳಿದ್ದನ್ನು ಕೇಳುವ ಕೆಲಸ ತಪ್ಪಿ, ತಾವೇ ಕಂಡುಹಿಡಿಯುವ ಕೆಲಸ ಮಕ್ಕಳ ಪಾಲಿಗೆ ಬರುತ್ತದೆ. ಒಂದೇ ಎಚ್ಚರಿಕೆ, ಬಳ್ಳಿಯನ್ನು ಹಿಂಬಾಲಿಸುವ ಬೆರಳು ಕಲ್ಲಿಗೆ ತಾಗದೆ ಗಾಳಿಯಲ್ಲೇ ಇರಲಿ. ಮನೆಯಿಂದ ಹೊರಡುವ ಮುನ್ನವೇ ಇದನ್ನು ಹೇಳಿ ಕರೆತನ್ನಿ.

ಸೋಮೇಶ್ವರದಿಂದ ಕೋಲಾರಮ್ಮನ ಗುಡಿಗೆ ನಡೆದೇ ಹೋಗಬಹುದು, ಎರಡೂ ಕೋಟೆ ಪ್ರದೇಶದಲ್ಲೇ ಇವೆ. ಸುಳಿವಿನಲ್ಲಿ ಹೀಗೆ ಬರೆದಿತ್ತು: "ಇವಳ ಮುಖ ನೋಡಲು ನಿನ್ನ ಮುಖ ನೋಡುವ ವಸ್ತು ಬೇಕು." ಅತ್ತೆ ತಡಮಾಡದೆ "ಕನ್ನಡಿ" ಎಂದರು. ದೇವಿಯ ದೃಷ್ಟಿ ಉಗ್ರವೆಂದು ಭಕ್ತರು ಕನ್ನಡಿಯಲ್ಲಿ ದರ್ಶನ ಪಡೆಯುವ ಪದ್ಧತಿ ಅಲ್ಲಿದೆ. ಇನ್ನೊಂದು ಸುಳಿವು ಚೇಳಿನದು. ಅದೇ ಗುಡಿಯಲ್ಲಿ ಚೇಳಮ್ಮನ ಸನ್ನಿಧಿಯೂ ಉಂಟು, ಅವಳಿಗೆ ನಡೆದುಕೊಂಡವರಿಗೆ ಚೇಳಿನ ಕಾಟವಿಲ್ಲವೆಂಬ ನಂಬಿಕೆ. ಅಲ್ಲಿನ ಹುಂಡಿ ನೆಲದೊಳಗೆ ಕೊರೆದದ್ದು, ಕಾಣಿಕೆ ಬೀಳುತ್ತಲೇ ಇದೆ, ಅದನ್ನು ಯಾರೂ ತೆರೆದಿಲ್ಲವೆಂದು ಊರವರು ಹೇಳುತ್ತಾರೆ. ಮಗ ನಾಣ್ಯ ಹಾಕಿ ಕಿವಿಗೊಟ್ಟು ಕೂತ. ಅಲ್ಲಿಂದ ಅವನನ್ನು ಎಬ್ಬಿಸಲು ಅಜ್ಜಿಯೇ ಬೇಕಾಯಿತು.

ಅತ್ತೆಯ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ. ಮಾವನವರು ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು, ಅತ್ತೆಯ ಹೆಚ್ಚಿನ ಆಯುಷ್ಯ ಕಳೆದದ್ದು ಕೆಜಿಎಫ್‌ನಲ್ಲೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನೆರೆಹೊರೆಯಲ್ಲಿ ತಮಿಳು. ತಮಿಳನ್ನು ಓದಲೂ ಬಲ್ಲರು. ಕೋಲಾರಮ್ಮನ ಗುಡಿಯಲ್ಲಿ ನಮಗೆ ಸಿಕ್ಕ ಕಠಿಣ ಸುಳಿವು ಇದು: "ಈ ಗೋಡೆ ಮಾತನಾಡುತ್ತದೆ, ಕನ್ನಡದಲ್ಲಲ್ಲ. ಯಾವ ದೊರೆಯ ಕಾಲದ ಮಾತು?" ಗುಡಿಯಲ್ಲಿ ಹನ್ನೊಂದನೆಯ ಶತಮಾನದ ಚೋಳ ಶಾಸನಗಳಿವೆ, ರಾಜೇಂದ್ರ ಚೋಳನ ಕಾಲದವು. ನಾವು ಗೋಡೆಯ ಮುಂದೆ ನಿಂತಾಗ ಬೆಳಕು ಇಳಿಮುಖವಾಗಿತ್ತು, ಸವೆದ ಕಲ್ಲಿನ ಮೇಲೆ ಗೀರುಗಳ ಹೊರತು ಏನೂ ಕಾಣಲಿಲ್ಲ. ಆಗ ಕಾರ್ಯಕರ್ತನೊಬ್ಬ ಮೊಬೈಲಿನ ದೀಪವನ್ನು ನೇರವಾಗಿ ಹಿಡಿಯದೆ, ಗೋಡೆಯ ಮಗ್ಗುಲಿನಿಂದ ಓರೆಯಾಗಿ ಹಿಡಿದ. ಪ್ರತಿ ಗೀರಿನ ಒಳಗೂ ನೆರಳು ತುಂಬಿ ಸಾಲಿಗೆ ಸಾಲೇ ಎದ್ದು ನಿಂತಿತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಇದು ಪ. ಇದು ಟ. ಇದು ಮತ್ತೆ ಪ," ಎಂದು ಒಂದೊಂದಾಗಿ ಗುರುತಿಸುತ್ತಾ ಹೋದರು. ಆ ಅಕ್ಷರಗಳು ಇಂದಿನ ತಮಿಳಿನಲ್ಲಿಯೂ ಬಹುಮಟ್ಟಿಗೆ ಅದೇ ಆಕಾರದಲ್ಲಿವೆ. ಉಳಿದವು ಬದಲಾಗಿವೆ, ಪೂರ್ತಿ ವಾಕ್ಯ ಓದಲು ಶಾಸನ ತಜ್ಞರೇ ಬೇಕು. ಆದರೆ ಸಾವಿರ ವರ್ಷದ ಹಿಂದಿನ ಬರಹದಲ್ಲಿ ತಮ್ಮ ಅಜ್ಜಿಗೆ ಪರಿಚಯದ ಅಕ್ಷರ ಸಿಕ್ಕಿದ್ದನ್ನು ಮಕ್ಕಳು ಕಂಡರು. ಮಗಳು ಆ ಎರಡು ಅಕ್ಷರಗಳನ್ನು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು, ಅಜ್ಜಿಯಿಂದ ತಿದ್ದಿಸಿಕೊಂಡಳು.

ಓರೆ ಬೆಳಕಿನ ಈ ಉಪಾಯವನ್ನು ನೀವೂ ನೆನಪಿಡಿ. ವೀರಗಲ್ಲಾಗಲಿ, ಶಾಸನವಾಗಲಿ, ಎಲ್ಲಿ ಸಿಕ್ಕರೂ ಕೆಲಸಕ್ಕೆ ಬರುತ್ತದೆ. ಅಕ್ಷರ ಕಾಣಲೆಂದು ಸುಣ್ಣ, ಅರಿಸಿನ, ಸೀಮೆಸುಣ್ಣ ಬಳಿಯುವುದನ್ನು ಹಲವು ಊರುಗಳಲ್ಲಿ ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಒಂದು ದೀಪ ಮಾಡುವ ಕೆಲಸಕ್ಕೆ ಕಲ್ಲನ್ನೇಕೆ ಕೆಡಿಸಬೇಕು?

ಚೋಳರು ಇಲ್ಲಿಗೆ ಹೇಗೆ ಬಂದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಾಗಿರಲಿ. ಕೋಲಾರ ಎಂದರೆ ಹಿಂದಿನ ಕುವಲಾಲ, ಗಂಗರ ಮೊದಲ ರಾಜಧಾನಿ. ಗಂಗರು ತಲಕಾಡಿಗೆ ಹೋದ ಮೇಲೂ "ಕುವಲಾಲಪುರವರೇಶ್ವರ", "ನಂದಗಿರಿನಾಥ" ಎಂಬ ಬಿರುದುಗಳನ್ನು ಬಿಡಲಿಲ್ಲ. ಆ ನಂದಗಿರಿ ನಮ್ಮ ನಂದಿಬೆಟ್ಟವೇ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಗಂಗರ ನೆಲ ಚೋಳರ ಕೈಸೇರಿತು, ಕೋಲಾರದ ಸೀಮೆಗೆ ನಿಕರಿಲಿ ಚೋಳಮಂಡಲವೆಂಬ ಹೆಸರು ಬಂತು. ಇದಿಷ್ಟು ಗೊತ್ತಿದ್ದರೆ ಅರ್ಧದಷ್ಟು ಸುಳಿವುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಕತ್ತಲಾದ ಮೇಲೆ ಆಟ ಪೇಟೆಯ ಕಡೆಗೆ ಹೊರಳಿತು. ಮಕ್ಬರಾದ ಸುಳಿವನ್ನು ಒಳಗೆ ಹೋಗದೆ ಹೊರಗೇ ನಿಂತು ಬಿಡಿಸುವಂತೆ ಮಾಡಿದ್ದರು, ಅದು ಸರಿಯಾದ ಕ್ರಮ. ಹೈದರಾಲಿಯ ತಂದೆ ಫತೇ ಮೊಹಮ್ಮದರ ಸಮಾಧಿ ಇರುವ ಜಾಗ ಅದು. ಹೈದರ್ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. 1782ರಲ್ಲಿ ಚಿತ್ತೂರಿನ ಬಳಿ ತೀರಿಕೊಂಡಾಗ ದೇಹವನ್ನು ಮೊದಲು ಕೋಲಾರಕ್ಕೆ ತಂದು, ಬಳಿಕ ಶ್ರೀರಂಗಪಟ್ಟಣಕ್ಕೆ ಒಯ್ದರು. ಗಂಗ, ಚೋಳ, ವಿಜಯನಗರ, ಹೈದರ್, ಇಷ್ಟನ್ನೂ ಒಂದೇ ಸಂಜೆಯಲ್ಲಿ ಕಾಲ್ನಡಿಗೆಯಲ್ಲಿ ಕಾಣುವಂಥ ಊರು ನಮ್ಮಲ್ಲಿ ಎಷ್ಟಿವೆ? ಹೊರ ಊರಿನಿಂದ ಬಂದ ಮಕ್ಕಳ ಹಾಳೆಯನ್ನು ನೋಡಿ ಅಂಗಡಿಯವರು, ಆಟೋದವರು ತಾವೇ ಮುಂದಾಗಿ ಸುಳಿವು ಬಿಡಿಸಲು ಕೂತರು. ಗಡಿಯಾರ ಗೋಪುರದ ಬಳಿ ಹಣ್ಣಿನ ಗಾಡಿಯ ಯಜಮಾನರೊಬ್ಬರು ಮಗನಿಗೆ ಸೀಬೆಹಣ್ಣು ಕೊಟ್ಟು, ಉತ್ತರವನ್ನು ಮಾತ್ರ ಕೊಡಲಿಲ್ಲ. "ನೀನೇ ಹುಡುಕು ಮಗು" ಎಂದರು. ಪೇಟೆಯ ಬೀದಿಗಳಲ್ಲಿ ವಾಹನ ದಟ್ಟಣೆ ಹೆಚ್ಚು, ಚಿಕ್ಕ ಮಕ್ಕಳ ಕೈ ಬಿಡಬೇಡಿ.

ಒಂದು ಅಸಮಾಧಾನವನ್ನೂ ಹೇಳಬೇಕು. ಬಹುಮಾನವನ್ನು ಮೊದಲು ಮುಗಿಸಿದ ತಂಡಕ್ಕೆ ಕೊಟ್ಟರು. ಆ ತಂಡದವರು ಗುಡಿಯಲ್ಲಿ ನಿಂತದ್ದನ್ನು ನಾನು ಕಾಣಲಿಲ್ಲ, ಮೊಬೈಲಿನಲ್ಲಿ ಉತ್ತರ ಹುಡುಕಿ ಬರೆದು ಓಡುತ್ತಿದ್ದರು. ಪರಂಪರೆಯನ್ನು ತೋರಿಸಲೆಂದು ನಡೆಸುವ ಆಟದಲ್ಲಿ ವೇಗಕ್ಕೆ ಅಂಕ ಕೊಡಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮುಗಿಸಲು ಒಂದು ಗಡುವು ಇರಲಿ, ಗಡುವಿನೊಳಗೆ ಬಂದವರಲ್ಲಿ ಚೆನ್ನಾಗಿ ನೋಡಿ ಬರೆದವರಿಗೆ ಬಹುಮಾನ ಸಿಗಲಿ. ನೀವು ಸೇರಿಕೊಳ್ಳುವ ಮುನ್ನ ಅಂಕದ ನಿಯಮ ಕೇಳಿಕೊಳ್ಳಿ. ವೇಗದ ಸ್ಪರ್ಧೆಯಾಗಿದ್ದರೆ ಬಹುಮಾನದ ಆಸೆ ಬಿಟ್ಟು ನಿಮ್ಮ ನಡಿಗೆಯಲ್ಲಿ ಆಡಿ.

ಕಾರ್ಯಕ್ರಮವೇ ಇಲ್ಲದ ದಿನವೂ ಈ ಆಟ ಆಡಬಹುದು. ಗಂಡ ಹೆಂಡತಿಯಲ್ಲಿ ಒಬ್ಬರು ಮುಂಚಿತವಾಗಿ ಹೋಗಿ ಒಂದು ಸುತ್ತು ಹಾಕಿ, ಏಳೆಂಟು ಸುಳಿವು ಬರೆದುಕೊಂಡು ಬಂದರೆ ಸಾಕು. ಫಲಕದಲ್ಲಿ ಬರೆದಿರುವ ಇಸವಿ, ಹೆಸರು ಕೇಳಬೇಡಿ, ಮಕ್ಕಳು ನಕಲು ಮಾಡಿಕೊಂಡು ಬರುತ್ತಾರೆ. ಎಣಿಸುವ, ಅಳೆಯುವ, ಹೋಲಿಸಿ ನೋಡುವ ಪ್ರಶ್ನೆ ಕೇಳಿ. ಒಂದಾದರೂ ಸುಳಿವು ಊರಿನವರ ಬಾಯಿಂದಲೇ ತಿಳಿಯಬೇಕಾದದ್ದಾಗಿರಲಿ, ಒಂದು ಸುಳಿವು ಹಿರಿಯರಿಗೆ ಮಾತ್ರ ಗೊತ್ತಿರುವಂಥದ್ದಾಗಿರಲಿ. ಪೂಜೆಯ ಹೊತ್ತಿನಲ್ಲಿ ಗರ್ಭಗುಡಿಯ ಮುಂದೆ ಆಟ ಬೇಡ.

ಇನ್ನು ಅನುಕೂಲಗಳ ವಿಚಾರ. ಬೆಂಗಳೂರಿನಿಂದ ಸಾರಿಗೆ ಬಸ್ಸುಗಳು ಬೇಕಾದಷ್ಟಿವೆ. ಕಾರಿನವರು ಕೆ.ಆರ್. ಪುರದಿಂದ ಹೊಸಕೋಟೆಯವರೆಗಿನ ದಟ್ಟಣೆಗೆಂದು ಹೆಚ್ಚುವರಿ ಒಂದು ಗಂಟೆ ಇಟ್ಟುಕೊಳ್ಳಿ. ರೈಲಿನಲ್ಲಾದರೆ ಬಂಗಾರಪೇಟೆಗೆ ಬಂದು ಅಲ್ಲಿಂದ ಬಸ್ಸು ಹಿಡಿಯುವುದು ಸಲೀಸು. ಗುಡಿಗಳಲ್ಲಿ ಬರಿಗಾಲಲ್ಲಿ ಬಹಳ ಹೊತ್ತು ಓಡಾಡಬೇಕಾಗುತ್ತದೆ. ನವೆಂಬರಿನಲ್ಲಿ ಕಲ್ಲು ತಣ್ಣಗಿರುತ್ತದೆ, ಏಪ್ರಿಲ್‌ನಲ್ಲಾದರೆ ಸಂಜೆಯೂ ಅಂಗಾಲು ಸುಡುತ್ತದೆ, ಹಿರಿಯರಿಗೂ ಮಕ್ಕಳಿಗೂ ದಪ್ಪ ಕಾಲುಚೀಲ ಇರಲಿ. ಬಿಚ್ಚಿ ಹಾಕಲು ಸುಲಭವಾದ ಚಪ್ಪಲಿಯೇ ಮೇಲು. ನೀರು, ಬೇಯಿಸಿದ ಕಡಲೆಕಾಯಿ, ಚಿತ್ರಾನ್ನದ ಡಬ್ಬಿ ಜೊತೆಗಿದ್ದರೆ ಮಕ್ಕಳ ಹಸಿವಿಗೆ ಆಟ ನಿಲ್ಲಿಸಬೇಕಾಗಿಲ್ಲ. ರಾತ್ರಿ ಗಾಳಿ ತಣ್ಣಗೆ ಬೀಸುತ್ತದೆ, ಅತ್ತೆ ಶಾಲು ತಂದಿದ್ದರು, ನಾವೆಲ್ಲ ಸರದಿಯಲ್ಲಿ ಅದನ್ನೇ ಹೊದ್ದೆವು. ರಟ್ಟಿನ ಹಿಂಬದಿಯಿರುವ ಪುಸ್ತಕ, ಪೆನ್ಸಿಲ್, ಕೈದೀಪ ಮರೆಯಬೇಡಿ.

ರಾತ್ರಿ ಅಲ್ಲೇ ಉಳಿಯಿರಿ. ಬೆಳಗ್ಗೆ ಬೇಗ ಎದ್ದರೆ ಕೃಷಿ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜು ನೋಡಬಹುದು, ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅದೂ ಒಂದು. ಹದಿನೈದು ಕಿಲೋದ ಪೆಟ್ಟಿಗೆಗಳ ಸಾಲು ಕಣ್ಣು ಹಾಯುವವರೆಗೂ ಇರುತ್ತದೆ. ಕೆಲಸದವರ ದಾರಿಗೆ ಅಡ್ಡ ನಿಲ್ಲದೆ ಬದಿಯಲ್ಲಿ ನಿಂತು ನೋಡಿ. ಅಲ್ಲಿಂದ ಅಂತರಗಂಗೆಗೆ ಹೋಗಿ. ಶತಶೃಂಗ ಬೆಟ್ಟದ ಮಗ್ಗುಲಲ್ಲಿ ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಸುರಿಯುತ್ತಲೇ ಇರುತ್ತದೆ. ಕೋತಿಗಳು ಬಹಳ, ತಿಂಡಿಯ ಚೀಲ ಕೈಯಲ್ಲಿ ಹಿಡಿದು ಹತ್ತಬೇಡಿ. ಗುಹೆಗಳ ಕಡೆಗೆ ಚಿಕ್ಕ ಮಕ್ಕಳೊಂದಿಗೆ ಹೋಗುವುದು ಬೇಡ, ಇಕ್ಕಟ್ಟಾದ ಬಂಡೆಗಳ ನಡುವೆ ನುಸುಳಬೇಕಾಗುತ್ತದೆ. ಹತ್ತು ಗಂಟೆಯ ಬಿಸಿಲು ಏರುವ ಮೊದಲು ಕೆಳಗಿಳಿದರೆ ಮುಳಬಾಗಿಲಿನವರೆಗೆ ಹೋಗಿ ಅಲ್ಲಿನ ದೋಸೆ ತಿಂದು, ಸಂಜೆಯ ದಟ್ಟಣೆಗೆ ಮುಂಚೆ ಬೆಂಗಳೂರು ಸೇರಬಹುದು.