ನಲವತ್ತು ಹೋಗಿ ಹನ್ನೊಂದಾದಾಗ

ಬೈಬಲ್ ಅಧ್ಯಯನದ ತಂತ್ರಾಂಶದಲ್ಲಿ ಒಂದು ವಚನದ ಮೇಲೆ ಒತ್ತಿದರೆ ಸಾಕು, ಪಕ್ಕದ ಕಿಟಕಿಯಲ್ಲಿ ಮ್ಯಾಥ್ಯೂ ಹೆನ್ರಿ ಮಾತಾಡಲು ಶುರು ಮಾಡುತ್ತಾರೆ. ಬೈಬಲಿಗೆ ವ್ಯಾಖ್ಯಾನ ಬರೆದ ಪಾದ್ರಿ, 1714ರಲ್ಲಿ ತೀರಿಕೊಂಡ ಮನುಷ್ಯ. ಅವರ ಕೈಯಲ್ಲಿ ವ್ಯಾಖ್ಯಾನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದವರೆಗೆ ಮುಗಿದಿತ್ತು. ರೋಮಾಪುರದವರಿಗೆ ಬರೆದ ಪತ್ರದಿಂದ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯವರೆಗಿನ ಭಾಗವನ್ನು ಆಮೇಲೆ ಬೇರೆ 13 ಜನ ಪಾದ್ರಿಗಳು ಬರೆದು ಮುಗಿಸಿದರು. ನಾನು ನೋಡಿದ ಎಷ್ಟೋ ಫೈಲುಗಳಲ್ಲಿ ಈ ಸಂಗತಿಯೇ ಇಲ್ಲ. ರೋಮಾಪುರ ತೆಗೆದರೂ ಮೇಲೆ ಹೆಸರು ಹೆನ್ರಿಯದೇ.

ಯಾರೋ ಪುಣ್ಯಾತ್ಮರು ಕೂತು ಪುಸ್ತಕವನ್ನು ಫೈಲ್ ಮಾಡಿದ್ದರಿಂದ ತಾನೇ ಹೆನ್ರಿ ಫೋನಿಗೆ ಬಂದದ್ದು? ಅಂಥ ಕೆಲಸ ನಾನೂ ಮಾಡುತ್ತೇನೆ. ಹಗಲೆಲ್ಲ ಧಾರವಾಡದಲ್ಲಿ ಡಿಟಿಪಿ: ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಯಾರದೋ ಪಿಎಚ್‌ಡಿ ಪ್ರಬಂಧ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಫ್ರಾನ್ಸ್ ಡೆಲಿಟ್ಶ್. ಜರ್ಮನಿಯ ಲೈಪ್‌ಜಿಗ್‌ನವರು, ದೊಡ್ಡ ಹೀಬ್ರೂ ಪಂಡಿತರು. ಬೈಬಲಿನ ಕೀರ್ತನೆಗಳ ಮೇಲೆ ಅವರು ಬರೆದ ವ್ಯಾಖ್ಯಾನವನ್ನು ಫ್ರಾನ್ಸಿಸ್ ಬೋಲ್ಟನ್ ಇಂಗ್ಲಿಷಿಗೆ ತಂದರು. ಎಡಿನ್‌ಬರೋದ ಟಿ ಆ್ಯಂಡ್ ಟಿ ಕ್ಲಾರ್ಕ್ 1871ರಲ್ಲಿ ಅದನ್ನು ಮೂರು ಸಂಪುಟಗಳಲ್ಲಿ ಅಚ್ಚು ಹಾಕಿತು.

'ಅದು ಆಗಲೇ ಎಲ್ಲಾ ಕಡೆ ಇದೆಯಲ್ಲ, ಮತ್ಯಾಕೆ?' ಎಂದು ಕೇಳುವವರಿದ್ದಾರೆ. ಇದೆ, ನಿಜ. ಆದರೆ ನನಗೆ ಸಿಕ್ಕ ಫೈಲಿನಲ್ಲಿ ಅಡಿಟಿಪ್ಪಣಿಗಳು ವಾಕ್ಯದ ನಡುವೆ ನುಗ್ಗಿದ್ದವು. ಹೀಬ್ರೂ ಇರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಮೂಲದ ಸ್ಕ್ಯಾನ್ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿದೆ. ಹೊಸದಾಗಿ ಮಾಡುವುದೇ ವಾಸಿ ಅನ್ನಿಸಿತು.

ಹಕ್ಕಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಜಾಸ್ತಿ ಎಳೆಯುವುದಿಲ್ಲ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಅಮೆರಿಕದಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟಣೆಯಾದ ವರ್ಷದಿಂದ 95 ವರ್ಷದ ಲೆಕ್ಕ. ಡೆಲಿಟ್ಶ್ ತೀರಿಕೊಂಡದ್ದು 1890ರಲ್ಲಿ, ಅನುವಾದ ಬಂದದ್ದು 1871ರಲ್ಲಿ, ಹಾಗಾಗಿ ತಂಟೆಯಿಲ್ಲ. ಅನುವಾದಕ್ಕೆ ಬೇರೆಯದೇ ಹಕ್ಕು ಇರುತ್ತದೆ ಅನ್ನುವುದನ್ನು ಮಾತ್ರ ತುಂಬಾ ಜನ ಮರೆಯುತ್ತಾರೆ. ಹಳೇ ಪುಸ್ತಕಕ್ಕೆ ಈಚೆಗೆ ಯಾರೋ ಬರೆದ ಮುನ್ನುಡಿ, ಸರಳ ಇಂಗ್ಲಿಷಿಗೆ ತಿರುಗಿಸಿದ ಹೆನ್ರಿ, ಇವೆಲ್ಲ ಹೊಸ ಮಾಲು. ಅವಕ್ಕೆ ಕೈ ಹಾಕಬಾರದು.

ಸ್ಕ್ಯಾನ್ ಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಚಿತ್ರದಿಂದ ಅಕ್ಷರ ಎತ್ತುವ ಓಸಿಆರ್ ಕೆಲಸಕ್ಕೆ ಟೆಸರಾಕ್ಟ್ ಎಂಬ ತಂತ್ರಾಂಶ ಇದೆ, ಪುಕ್ಕಟೆ. 1871ರ ಅಚ್ಚು ಚೆನ್ನಾಗಿದೆ, ಇಂಗ್ಲಿಷ್ ಪಠ್ಯ ಸುಮಾರಾಗಿ ಸರಿಯಾಗಿಯೇ ಬರುತ್ತದೆ. ಇನ್ನೂ ಹಿಂದಕ್ಕೆ, 18ನೇ ಶತಮಾನದ ವ್ಯಾಖ್ಯಾನಕಾರ ಜಾನ್ ಗಿಲ್ ಕಾಲದ ಮುದ್ರಣಕ್ಕೆ ಹೋದರೆ ಬೇರೆ ಕಾಟ. ಅಲ್ಲಿ 'ಎಸ್' ಅಕ್ಷರ ಉದ್ದಕ್ಕೆ 'ಎಫ್' ಥರ ನಿಂತಿರುತ್ತದೆ, ಯಂತ್ರ ಅದನ್ನು 'ಎಫ್' ಎಂದೇ ಓದುತ್ತದೆ. ಆದರೂ ಅದು ಪುಣ್ಯ, ಯಾಕೆಂದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯುತ್ತದೆ, ಸರಿ ಮಾಡಿ ಮುಂದೆ ಹೋಗಬಹುದು.

ನನ್ನ ನಿದ್ದೆ ಕೆಡಿಸುವುದು ಅಧ್ಯಾಯದ ಅಂಕಿಗಳು. ಆ ಕಾಲದ ಪುಸ್ತಕಗಳಲ್ಲಿ ಅಧ್ಯಾಯವನ್ನು ರೋಮನ್ ಅಂಕಿಯಲ್ಲಿ, ಅದೂ ಸಣ್ಣ ಅಕ್ಷರದಲ್ಲಿ ಹಾಕುತ್ತಿದ್ದರು. ಬೈಬಲಿನ ಯೆಶಾಯ ಪುಸ್ತಕದ 40ನೇ ಅಧ್ಯಾಯ ಅಂದರೆ 'ಎಕ್ಸ್ ಎಲ್'. ಸಣ್ಣ 'ಎಲ್' ಒಂದು ನೆಟ್ಟಗಿನ ಗೆರೆ, ಸಣ್ಣ 'ಐ' ಕೂಡ ಗೆರೆಯೇ, ತಲೆಯ ಮೇಲೊಂದು ಚುಕ್ಕೆ ಅಷ್ಟೆ. ಮಸಿ ಸ್ವಲ್ಪ ಹರಡಿದರೆ, ಸ್ಕ್ಯಾನಿನಲ್ಲಿ ಒಂದು ಧೂಳಿನ ಕಣ ಕೂತರೆ, 'ಎಕ್ಸ್ ಎಲ್' ಹೋಗಿ 'ಎಕ್ಸ್ ಐ', ನಲವತ್ತು ಹನ್ನೊಂದಾಗಿಬಿಡುತ್ತದೆ. 'ಅಡವಿಯಲ್ಲಿ ಕರ್ತನ ದಾರಿಯನ್ನು ಸಿದ್ಧಮಾಡಿರಿ' ಅನ್ನುವ ಮಾತು ಬರುವುದು ಯೆಶಾಯ 40:3ರಲ್ಲಿ, ಅಂದರೆ 40ನೇ ಅಧ್ಯಾಯದ 3ನೇ ವಚನದಲ್ಲಿ. ಫೈಲ್ ಕರೆದೊಯ್ಯುವುದು 11:3ಕ್ಕೆ. 11:3 ಅನ್ನುವ ವಚನವೂ ಇದೆಯಲ್ಲ, ಹಾಗಾಗಿ ತಂತ್ರಾಂಶ ತಕರಾರಿಲ್ಲದೆ ತೆರೆದು ತೋರಿಸುತ್ತದೆ. ಓದುವವರು ಏನಂದುಕೊಳ್ಳಬೇಕು? ಡೆಲಿಟ್ಶ್‌ಗೆ ತಲೆ ಕೆಟ್ಟಿತ್ತು ಅಂದುಕೊಳ್ಳುತ್ತಾರೆ.

ಇದಕ್ಕೆ ಅರ್ಧ ಮದ್ದು ಇದೆ. ಪ್ರತಿ ಅಧ್ಯಾಯದಲ್ಲಿ ಎಷ್ಟು ವಚನ ಅನ್ನುವ ಪಟ್ಟಿ ಇಟ್ಟುಕೊಂಡು ಎಲ್ಲಾ ಉಲ್ಲೇಖಗಳನ್ನು ಅದಕ್ಕೆ ತಾಳೆ ಹಾಕುವ ಒಂದು ಚಿಕ್ಕ ಸ್ಕ್ರಿಪ್ಟ್. ಯೆಶಾಯ 40ಕ್ಕೆ 31 ವಚನ, 11ಕ್ಕೆ 16. '11:28' ಎಂದು ಬಂದರೆ ಸ್ಕ್ರಿಪ್ಟ್ ಕೂಗಿಕೊಳ್ಳುತ್ತದೆ, ಅಂಥ ವಚನವೇ ಇಲ್ಲ ಎಂದು. ತೆಗೆದು ನೋಡಿದರೆ ಅದು 40:28. 'ಐ' ಮೂರು ಸಾಲಾಗಿ ನಿಂತರೆ ಓಸಿಆರ್ 'ಎಚ್ ಐ' ಎಂದು ಓದುತ್ತದೆ, ಎರಡು ನಿಂತರೆ 'ಯು' ಅಥವಾ 'ಎನ್' ಅನ್ನುತ್ತದೆ. ಅವನ್ನೂ ಹುಡುಕಿ ಬದಲಿಸಬಹುದು. ಆದರೆ 16ರ ಒಳಗಿನ ವಚನಗಳಿಗೆ ಯಾವ ಸ್ಕ್ರಿಪ್ಟೂ ಸಹಾಯಕ್ಕೆ ಬರುವುದಿಲ್ಲ. ಯೆಶಾಯ 11 ಎಂದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಮೂಲ ಪುಟ ತೆಗೆದು ಕಣ್ಣಲ್ಲಿ ನೋಡಬೇಕು. ಯೆರೆಮೀಯ, ಯೆಹೆಜ್ಕೇಲ, ಕೀರ್ತನೆ, ನಲವತ್ತು ಅಧ್ಯಾಯ ದಾಟಿದ ಎಲ್ಲಾ ಪುಸ್ತಕಗಳಿಗೂ ಇದೇ ಪೂಜೆ. ಬೇಸರದ ಕೆಲಸ. ಆದರೆ ಹಳೇ ವ್ಯಾಖ್ಯಾನಗಳ ಜೀವ ಇರುವುದೇ ಇಂಥ ಉಲ್ಲೇಖಗಳಲ್ಲಿ. ಒಂದು ವಾಕ್ಯ ಬರೆದು ಅದಕ್ಕೆ ಐದು ವಚನಗಳ ಸಾಕ್ಷಿ ಕೊಡುವ ಜನ ಅವರು. ಸಾಕ್ಷಿ ಸುಳ್ಳಾದರೆ ವಾಕ್ಯವೂ ಬಿದ್ದಂತೆ.

ಹೀಬ್ರೂ ಅಕ್ಷರ ಕಲಿತದ್ದು ಅನಿವಾರ್ಯಕ್ಕೆ. ಭಾಷೆ ಬರುವುದಿಲ್ಲ, ಅಕ್ಷರ ಗುರುತು ಹಿಡಿಯುತ್ತೇನೆ, ಅಷ್ಟೆ. ಇಂಗ್ಲಿಷ್ ಸಾಲಿನ ನಡುವೆ ಒಂದೆರಡು ಹೀಬ್ರೂ ಪದ ಬಂದರೆ ಟೆಸರಾಕ್ಟ್ ಬಾಯಿಗೆ ಬಂದದ್ದು ಉಗುಳುತ್ತದೆ. ಹಾಗಾಗಿ ಅವನ್ನೆಲ್ಲ ಕೈಯಲ್ಲೇ ಟೈಪ್ ಮಾಡುತ್ತೇನೆ. 'ದಾಲೆತ್' ಮತ್ತು 'ರೇಶ್' ನಡುವೆ ವ್ಯತ್ಯಾಸ ಒಂದು ಮೂಲೆ ಚೂಪಾಗಿದೆಯೋ ದುಂಡಗಿದೆಯೋ ಅನ್ನುವುದಷ್ಟೇ. ಸಾಲು ಬಲದಿಂದ ಎಡಕ್ಕೆ ಓಡುತ್ತದೆ. ಪಕ್ಕದಲ್ಲಿ ಒಂದು ಅಲ್ಪವಿರಾಮ ಹಾಕಿದರೆ ಅದು ಹಾರಿ ಆ ತುದಿಗೆ ಹೋಗಿ ಕೂರುತ್ತದೆ. ಹಿಂದಿನವರು ಇದಕ್ಕೆಲ್ಲ ಪ್ರತ್ಯೇಕ ಫಾಂಟ್ ಬಳಸುತ್ತಿದ್ದರು. ಒಳಗೆ ಇಂಗ್ಲಿಷ್ ಅಕ್ಷರ, ಹೊರಗೆ ಹೀಬ್ರೂ ವೇಷ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ ಬೀಳುತ್ತದೆ. ನುಡಿ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫೈಲುಗಳ ಜೊತೆ ಬಾಳಿದ ನಮಗೆ ಇದು ಹೊಸದಲ್ಲ ಬಿಡಿ. ಈಗ ಎಲ್ಲವೂ ಯೂನಿಕೋಡ್‌ನಲ್ಲಿದೆ, ಸ್ವರಚಿಹ್ನೆ ಸಮೇತ; ಅದರಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ. ನನ್ನ ಅರ್ಧ ಗಿರಾಕಿಗಳು ಮಾತ್ರ ಇನ್ನೂ ನುಡಿಯಲ್ಲೇ ಬೇಕು ಅನ್ನುತ್ತಾರೆ, ಅದು ಬೇರೆ ಮಾತು.

ಇಷ್ಟೆಲ್ಲ ಮಾಡಿದ ಮೇಲೂ ಕೀರ್ತನೆಗಳಲ್ಲಿ ಇನ್ನೊಂದು ಗುಂಡಿ ಕಾದಿರುತ್ತದೆ. ಗದಗದ ಕಡೆಯ ಪಾಸ್ಟರ್ ಒಬ್ಬರು ಶನಿವಾರ ರಾತ್ರಿ ಫೋನ್ ಮಾಡಿದ್ದರು. ಮರುದಿನದ ಪ್ರಸಂಗಕ್ಕೆ ತಯಾರಿ ನಡೆದಿತ್ತು. ಅವರ ಫೋನಿನಲ್ಲಿದ್ದದ್ದು ಬೇರೆಲ್ಲಿಂದಲೋ ಇಳಿಸಿಕೊಂಡ ಡೆಲಿಟ್ಶ್.

"ಅಕ್ಕಾರ, 51ನೇ ಕೀರ್ತನಿಗೆ ಇಂವಾ ಬ್ಯಾರೆನ ಹೇಳಾಕತ್ತಾನ್ರಿ."

"ಯಾವ ವಚನ ತಗದೀರಿ ಪಾಸ್ಟರ್?"

"ಹತ್ತು. ಶುದ್ಧ ಹೃದಯದ್ದು. ಇಲ್ಲಿ ನೋಡಿದ್ರ ಎಲುಬಿನ ಮಾತು ಬರತೈತಿ."

"ಹಂಗಾರ ಹನ್ನೆರಡು ತಗೀರಿ, ಸಿಗತೈತಿ."

ಸಿಕ್ಕಿತು. ವಿಷಯ ಇಷ್ಟೇ. 'ದಾವೀದನ ಕೀರ್ತನೆ, ಇಂಥ ಸಂದರ್ಭದಲ್ಲಿ ರಚಿಸಿದ್ದು' ಎಂಬ ತಲೆಬರಹವನ್ನು ಹೀಬ್ರೂ ಬೈಬಲ್ ವಚನವಾಗಿ ಎಣಿಸುತ್ತದೆ. ಇಂಗ್ಲಿಷ್ ಬೈಬಲ್ ಎಣಿಸುವುದಿಲ್ಲ, ನಮ್ಮ ಕನ್ನಡ ಬೈಬಲ್ ಕೂಡ ಎಣಿಸುವುದಿಲ್ಲ. ಡೆಲಿಟ್ಶ್ ಬರೆದದ್ದು ಹೀಬ್ರೂ ಲೆಕ್ಕದಲ್ಲಿ. 51ರ ತಲೆಬರಹ ಉದ್ದ, ಅದಕ್ಕೇ ಎರಡು ವಚನ ಹೋಗುತ್ತದೆ. ಹಾಗಾಗಿ ಅವರ 10 ನಮ್ಮ 8, ಅವರ 12 ನಮ್ಮ 10. ಎಲ್ಲಾ ಕಡೆ ಎರಡು ಕಳೆದರೆ ಆಯ್ತು ಅಂದುಕೊಳ್ಳಬೇಡಿ. 3ನೇ ಕೀರ್ತನೆಯಲ್ಲಿ ಒಂದೇ ವಚನದ ವ್ಯತ್ಯಾಸ. 23ರಲ್ಲಿ ತಲೆಬರಹ ಮೊದಲ ವಚನದ ಒಳಗೇ ಸೇರಿಕೊಂಡಿದೆ, ವ್ಯತ್ಯಾಸವೇ ಇಲ್ಲ. 1 ಮತ್ತು 2ಕ್ಕೆ ತಲೆಬರಹವೇ ಇಲ್ಲ. 51, 52, 54, 60 ಈ ನಾಲ್ಕಕ್ಕೆ ಎರಡೆರಡು. ಕೀರ್ತನೆ ಬಿಟ್ಟು ಹೊರಗೆ ಬಂದರೂ ಸುಖವಿಲ್ಲ. ಯೋವೇಲನ ಪುಸ್ತಕ ನಮಗೆ ಮೂರು ಅಧ್ಯಾಯ, ಹೀಬ್ರೂದಲ್ಲಿ ನಾಲ್ಕು. ಮಲಾಕಿಯ ಉಲ್ಟಾ: ನಮಗೆ ನಾಲ್ಕು, ಅಲ್ಲಿ ಮೂರು.

ಸ್ವೋರ್ಡ್ ಎಂಬ ಬೈಬಲ್ ತಂತ್ರಾಂಶದಲ್ಲಿ ಈ ಫೈಲ್ ಯಾವ ಲೆಕ್ಕದ್ದು ಎಂದು ಮೊದಲೇ ಹೇಳಿಬಿಡುವ ಅನುಕೂಲ ಇದೆ. ಇ-ಸ್ವೋರ್ಡ್‌ಗೆ ಮಾಡುವಾಗ ನಾನೇ ಲೆಕ್ಕ ತಿರುಗಿಸುತ್ತೇನೆ. (ಹೆಸರು ಒಂದೇ ಥರ ಇದ್ದರೂ ಎರಡೂ ಬೇರೆ ಬೇರೆ. ಸ್ವೋರ್ಡ್ ಕ್ರಾಸ್‌ವೈರ್ ಬೈಬಲ್ ಸೊಸೈಟಿಯದು, ಇ-ಸ್ವೋರ್ಡ್ ರಿಕ್ ಮೇಯರ್ಸ್ ಅವರದು.) ನನ್ನ ಪದ್ಧತಿ ಹೀಗೆ: ಪುಸ್ತಕದಲ್ಲಿ ಅಚ್ಚಾದ ಅಂಕಿಯನ್ನು ಮುಟ್ಟುವುದಿಲ್ಲ. ಡೆಲಿಟ್ಶ್ 12 ಅಂದಿದ್ದರೆ ಪರದೆಯ ಮೇಲೂ 12 ಎಂದೇ ಇರುತ್ತದೆ. ಅದರ ಮೇಲೆ ಒತ್ತಿದರೆ ಮಾತ್ರ ಓದುಗರ ಬೈಬಲಿನ 10ಕ್ಕೆ ಹೋಗುತ್ತದೆ.

ಮುಟ್ಟದಿರುವ ಈ ಹಟ ನನಗೆ ಸ್ವಲ್ಪ ಜಾಸ್ತಿಯೇ. ಡೆಲಿಟ್ಶ್ ಕಾಲದ ಪದವ್ಯುತ್ಪತ್ತಿಗಳಲ್ಲಿ ಹಲವನ್ನು ಇಂದಿನ ಪಂಡಿತರು ಒಪ್ಪುವುದಿಲ್ಲ. ಇರಲಿ. ಅದು 19ನೇ ಶತಮಾನದ ಪುಸ್ತಕ, ಹಾಗೇ ಓದಬೇಕು. ಸಂಪುಟದಲ್ಲಿ ಒಪ್ಪೋಲೆ (ಅಚ್ಚಿನ ತಪ್ಪುಗಳ ತಿದ್ದುಪಡಿ ಪಟ್ಟಿ) ಇದ್ದರೆ ಅದರ ಪ್ರಕಾರ ತಿದ್ದಿ, ತಿದ್ದಿದ ಕಡೆ ಗುರುತು ಹಾಕುತ್ತೇನೆ. ಅದಕ್ಕಿಂತ ಮುಂದೆ ಹೋಗುವುದಿಲ್ಲ. ಓದಲು ಸುಲಭವಾಗಲಿ ಎಂದು ಹಳೇ ಇಂಗ್ಲಿಷನ್ನು ಸುಮ್ನೆ ಅಲ್ಲಲ್ಲಿ ನುಣುಪು ಮಾಡಿ, ಮಾಡಿದ್ದನ್ನು ಎಲ್ಲೂ ಹೇಳದೆ ಬಿಡುವವರನ್ನು ಕಂಡರೆ ನನಗಾಗದು. ಯಾರದೂ ಅಲ್ಲದ ಪುಸ್ತಕಕ್ಕೆ ಪಾಸ್‌ವರ್ಡ್ ಹಾಕಿ ದುಡ್ಡು ಕೇಳುವವರನ್ನು ಕಂಡರಂತೂ ಇನ್ನೂ ಆಗದು. ಕಾನೂನಿನಲ್ಲಿ ತಪ್ಪಿಲ್ಲದೇ ಇರಬಹುದು. ಆದರೆ ಬೀಗ ಹಾಕಿದ ಫೈಲಿನಲ್ಲಿ ಯೆಶಾಯ 11 ಇದ್ದದ್ದನ್ನು 40 ಮಾಡಲು ಓದುಗರಿಗೆ ದಾರಿಯೇ ಇರುವುದಿಲ್ಲವಲ್ಲ.

ವಚನ ವಚನವಾಗಿ ಕತ್ತರಿಸುವ ವಿಷಯದಲ್ಲೂ ನನಗೆ ತಕರಾರಿದೆ. ಪ್ರತಿ ವಚನಕ್ಕೂ ಒಂದು ತುಂಡು ಬೇಕು ಎಂದು ಬಳಕೆದಾರರು ಕೇಳುತ್ತಾರೆ. ಹೆನ್ರಿ ಹಾಗೆ ಬರೆಯಲಿಲ್ಲ. ಐದಾರು ವಚನ ಒಟ್ಟಿಗೆ ತೆಗೆದುಕೊಂಡು, ಅಂಕಿ ಹಾಕಿದ ಅಂಶಗಳಾಗಿ ಒಂದು ಪ್ರಸಂಗವನ್ನೇ ಕಟ್ಟುತ್ತಾರೆ. ಡೆಲಿಟ್ಶ್ ಕೂಡ ಪದ್ಯದ ಚರಣಗಳನ್ನು ಹಿಡಿದು ಹೋಗುವವರು. ಅದನ್ನು ಕೊಯ್ದು ಹಂಚಿದರೆ 'ಇದರಿಂದ' ಎಂದು ಶುರುವಾಗುವ ತುಂಡುಗಳು ಸಿಗುತ್ತವೆ. ಯಾವುದರಿಂದ? ಅದು ಹಿಂದಿನ ತುಂಡಿನಲ್ಲಿ ಉಳಿದುಹೋಯಿತು. ಅದಕ್ಕೇ ನಾನು ಇಡೀ ಭಾಗಕ್ಕೆ ಇಷ್ಟರಿಂದ ಇಷ್ಟು ವಚನ ಎಂದು ಒಂದೇ ಗುರುತು ಕೊಡುತ್ತೇನೆ. ಅದರೊಳಗಿನ ಯಾವ ವಚನ ಒತ್ತಿದರೂ ಪೂರ್ತಿ ಭಾಗ ಬರುತ್ತದೆ. ಉದ್ದವಾಯಿತು ಎಂದು ಒಬ್ಬರು ಬೇಸರ ಮಾಡಿಕೊಂಡರು. ಪುಸ್ತಕವೇ ಉದ್ದವಾಗಿದೆ, ಏನು ಮಾಡಲಿ?

ಇಂಥ ಹಳೇ ಪುಸ್ತಕದ ಫೈಲ್ ಕನ್ನಡದಲ್ಲಿ ಯಾವಾಗ ಅಂತಲೂ ಕೇಳುತ್ತಾರೆ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಕಲ್ಲಚ್ಚಿನಿಂದ ಶುರುವಾಯಿತು. ಅಲ್ಲಿ ಅಚ್ಚಾದ ಕನ್ನಡ ಪುಸ್ತಕಗಳ ಸ್ಕ್ಯಾನ್‌ಗಳನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದವರು ಮಿಷನರಿ ಹರ್ಮನ್ ಗುಂಡರ್ಟ್ ಸಂಗ್ರಹದ ಜೊತೆ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅವನ್ನು ನೋಡುತ್ತಾ ಕೂತರೆ ನನ್ನ ಡಿಟಿಪಿ ಬುದ್ಧಿಗೆ ಹಬ್ಬ. ಒತ್ತಕ್ಷರಗಳನ್ನು ಆ ಅಚ್ಚಿನ ಮೊಳೆಗಳಲ್ಲಿ ಎಷ್ಟು ನಾಜೂಕಾಗಿ ಕೂರಿಸಿದ್ದಾರೆ! ಓಸಿಆರ್‌ಗೆ ಮಾತ್ರ ಅದೇ ಒತ್ತಕ್ಷರ ಯಮ. ಸಾಲು ಇಕ್ಕಟ್ಟಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆ ಪುಟಗಳನ್ನು ಓಸಿಆರ್‌ಗೆ ಕೊಡುವುದಕ್ಕಿಂತ ನಾನೇ ಟೈಪ್ ಮಾಡುವುದು ಬೇಗ, ಅದು ನನ್ನ ಹೊಟ್ಟೆಪಾಡಿನ ಕೆಲಸವೇ ಅಲ್ವಾ. ಡೆಲಿಟ್ಶ್ ಮುಗಿದ ಮೇಲೆ ಒಂದು ಸಣ್ಣ ಪುಸ್ತಕ ಹಿಡಿಯಬೇಕು.

ಸದ್ಯಕ್ಕೆ ಮೂರನೇ ಸಂಪುಟ ಬಾಕಿ ಇದೆ. ಅದರಲ್ಲಿ 119ನೇ ಕೀರ್ತನೆ: 176 ವಚನ, ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಎಂಟೆಂಟರಂತೆ 22 ಗುಂಪು. ತಲೆಬರಹ ಇಲ್ಲ, ಲೆಕ್ಕದ ಗೋಜಿಲ್ಲ. ಆದರೆ ಹೀಬ್ರೂ ಪದಗಳು ದಂಡಿಯಾಗಿವೆ. ಹೀಬ್ರೂ ಓದಲು ಬರುವ, ಪ್ರೂಫ್ ನೋಡುವ ತಾಳ್ಮೆ ಇರುವ ಯಾರಾದರೂ ಇದ್ದರೆ ತಿಳಿಸಿ. 'ದಾಲೆತ್' 'ರೇಶ್' ಬೇರೆ ಮಾಡಲು ಇನ್ನೊಂದು ಜೊತೆ ಕಣ್ಣು ಬೇಕು.